ಹಳೆ ಗೂಡ್ಸ್ ವ್ಯಾಗನ್, ಹಳೆ ಸ್ಟೇಷನ್ ಸಾಮಾನು: ಸ್ವಯಂಸೇವಕರ ತಂಡ ದುರಸ್ತಿಗೆ ಇಳಿಯುವುದು ಹೇಗೆ?

ಹಳೆಯ ಗೂಡ್ಸ್ ವ್ಯಾಗನ್ ಒಂದು ಸಿಕ್ಕಿದ ದಿನ ತಂಡದಲ್ಲಿರುವ ಎಲ್ಲರ ಕೈಯೂ ವೈರ್ ಬ್ರಷ್ ಕಡೆಗೇ ಹೋಗುತ್ತದೆ. ತುಕ್ಕು ಕೆರೆಯಬೇಕು, ಬಣ್ಣ ಬಳಿಯಬೇಕು, ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕು. ಆಸೆ ಸಹಜವೇ. ಆದರೆ ಬ್ರಷ್ ಮುಟ್ಟುವ ಮೊದಲು ಮಾಡಬೇಕಾದ ಕೆಲಸವೇ ಜಾಸ್ತಿ. ಅದನ್ನು ಬಿಟ್ಟು ಬಣ್ಣಕ್ಕೆ ಹಾರಿದರೆ ವ್ಯಾಗನ್ ಸ್ವಲ್ಪ ದಿನ ಮಿರಮಿರ ಮಿಂಚುತ್ತದೆ. ನಾಲ್ಕು ಮಳೆ ಬಿದ್ದ ಮೇಲೆ ಹೊಸ ಬಣ್ಣದ ಅಡಿಯಿಂದಲೇ ತುಕ್ಕು ಹೊರಬರುತ್ತದೆ.

ರೈಲ್ವೆಯಲ್ಲಿ ಕೆಲಸ ಮಾಡಿದವರೇ ಇದಕ್ಕೆ ಬೇಕು ಎಂದೇನಿಲ್ಲ. ವೇಲ್ಸ್‌ನ ತಲಿಥ್ಲಿನ್ ಎಂಬ ಪುಟ್ಟ ರೈಲು ಮಾರ್ಗವನ್ನು 1951ರಲ್ಲಿ ಸ್ವಯಂಸೇವಕರು ಕೈಗೆ ತೆಗೆದುಕೊಂಡು ಓಡಿಸಿದರು. ಹಾಗೆ ಸ್ವಯಂಸೇವಕರ ಕೈಯಲ್ಲಿ ಉಳಿದುಕೊಂಡ ಮೊದಲ ರೈಲ್ವೆ ಅದು. ಆಮೇಲೆ ಹಲವು ದೇಶಗಳಲ್ಲಿ ಇಂಥ ತಂಡಗಳು ಹುಟ್ಟಿಕೊಂಡವು. ಮರಗೆಲಸ ಬಲ್ಲ ಒಬ್ಬರು, ಕಬ್ಬಿಣದ ಕೆಲಸ ಬಲ್ಲ ಒಬ್ಬರು, ತಾಳ್ಮೆಯಿಂದ ಬರೆದಿಡುವ ಒಬ್ಬರು ಇದ್ದರೆ ಶುರು ಮಾಡಬಹುದು. ಮೂರನೆಯವರು ಸಿಗುವುದೇ ಕಷ್ಟ.

ಮೊದಲು ಕಾಗದ, ಆಮೇಲೆ ಕಬ್ಬಿಣ

ವ್ಯಾಗನ್ ಯಾರದು? ನಿಮಗೆ ಕೊಟ್ಟಿದ್ದಾರೋ, ಸುಮ್ನೆ ಇಟ್ಟುಕೊಳ್ಳಲು ಬಿಟ್ಟಿದ್ದಾರೋ? ನಾಳೆ ತಂಡ ಚದುರಿದರೆ ಅದು ಎಲ್ಲಿಗೆ ಹೋಗಬೇಕು? ಈ ಮೂರಕ್ಕೂ ಬರವಣಿಗೆಯಲ್ಲಿ ಉತ್ತರ ಇರಲಿ. ಬಾಯಿಮಾತಿನ ಮೇಲೆ ವರ್ಷಗಟ್ಟಲೆ ದುಡಿದು, ಕೊನೆಗೆ ಜಾಗ ಖಾಲಿ ಮಾಡಿ ಅನ್ನಿಸಿಕೊಳ್ಳುವುದು ಯಾರಿಗೂ ಬೇಡ. ಅಪಘಾತ ವಿಮೆಯನ್ನೂ ಈಗಲೇ ಮಾಡಿಸಿ. ಕೆಲಸದ ಜಾಗ ಓಡಾಟ ಇರುವ ಹಳಿಯ ಪಕ್ಕದಲ್ಲಿದ್ದರೆ ನಡುವೆ ಗಟ್ಟಿ ಬೇಲಿ ಬೇಕು. ರೈಲ್ವೆಯವರ ಲಿಖಿತ ಅನುಮತಿ ಇಲ್ಲದೆ ಆ ಕಡೆ ಕಾಲಿಡಬಾರದು.

ಇನ್ನೊಂದು ಪ್ರಶ್ನೆಯನ್ನೂ ಇಲ್ಲೇ ತೀರ್ಮಾನ ಮಾಡಿ: ಇದು ಹಳಿ ಮೇಲೆ ಓಡಬೇಕೋ, ನಿಂತಲ್ಲೇ ನೋಡುವುದಕ್ಕೋ? ಓಡಬೇಕು ಅಂದರೆ ಗಾಲಿ, ಅಚ್ಚು (ಎರಡು ಗಾಲಿ ಜೋಡಿಸುವ ಆಕ್ಸಲ್), ಬ್ರೇಕು, ಕೊಂಡಿ ಎಲ್ಲವೂ ಪರೀಕ್ಷೆ ಪಾಸಾಗಬೇಕು, ದಣಿದ ಭಾಗಗಳನ್ನು ಬದಲಿಸಲೇಬೇಕು. ನೋಡುವುದಕ್ಕಾದರೆ ಅದೇ ಭಾಗಗಳನ್ನು ಇದ್ದ ಹಾಗೆ ಉಳಿಸಿಕೊಳ್ಳಬಹುದು. ನನ್ನ ಅಭಿಪ್ರಾಯ ಕೇಳಿದರೆ, ಆ ಮಾದರಿಯಲ್ಲಿ ಉಳಿದಿರುವುದು ಇದೊಂದೇ ಅಂತಾದರೆ ಓಡಿಸುವ ಆಸೆ ಬಿಟ್ಟುಬಿಡಿ.

ನೀರು ಬರುವ ದಾರಿ ಮುಚ್ಚಿ

ಮೊದಲ ದಿನದ ಕೆಲಸ ಇದೇ. ಮುಚ್ಚಿದ ವ್ಯಾಗನ್ ಆದರೆ ಮಾಡಿನ (ಚಾವಣಿಯ) ಮೇಲೆ ತಾಡಪಾಲು ಹಾಕಿ. ಆದರೆ ನೇರವಾಗಿ ಹೊದಿಸಬೇಡಿ. ಮರದ ಪಟ್ಟಿಗಳ ಚೌಕಟ್ಟು ಕಟ್ಟಿ, ಅದರ ಮೇಲೆ ಇಳಿಜಾರಾಗಿ ಎಳೆದು ಕಟ್ಟಿ. ಗಾಳಿ ಆಡದೆ ಬಿಗಿಯಾಗಿ ಸುತ್ತಿದ ವ್ಯಾಗನ್ ಒಳಗೇ ಬೆವರುತ್ತದೆ. ಆಗ ಮಳೆಗಿಂತ ಆ ತೇವವೇ ಜಾಸ್ತಿ ಹಾಳು ಮಾಡುತ್ತದೆ.

ಆಮೇಲೆ ಕೆಳಗೆ ಬಗ್ಗಿ ನೋಡಿ. ಅಂಡರ್‌ಫ್ರೇಮಿನ, ಅಂದರೆ ವ್ಯಾಗನ್ನಿನ ತಳದ ಚೌಕಟ್ಟಿನ, ಉಕ್ಕಿನ ತೊಲೆಗಳ ಮೂಲೆಯಲ್ಲಿ ಎಲೆ, ಮಣ್ಣು, ಕಲ್ಲಿದ್ದಲ ಪುಡಿ, ಹಕ್ಕಿ ಗೂಡು ತುಂಬಿಕೊಂಡಿರುತ್ತದೆ. ಅದು ಸದಾ ತೇವವಾಗಿಯೇ ಇರುತ್ತದೆ. ಮರದ ಕರಣಿಯಿಂದ ಮೆಲ್ಲಗೆ ತೆಗೆಯಿರಿ, ತೆಗೆದದ್ದನ್ನು ಜರಡಿ ಹಿಡಿಯಿರಿ. ಸೀಲು, ಲೇಬಲ್ಲಿನ ಚೂರು, ಸಾಗಿಸಿದ ಸರಕಿನ ಕಾಳು, ಬಿದ್ದುಹೋದ ರಿವೆಟ್ (ತಗಡು ಜೋಡಿಸುವ ಮೊಳೆ) ತಲೆ, ಎಲ್ಲವೂ ವ್ಯಾಗನ್ನಿನ ಕಥೆಯ ಭಾಗವೇ. ಗಾಲಿಗಳ ಸುತ್ತ ಬೆಳೆದ ಹುಲ್ಲು ಪೊದೆಗಳನ್ನೂ ಕತ್ತರಿಸಿ. ನೀರು ಇಳಿದು ಹೋಗಲು ತೊಲೆಗಳಲ್ಲಿ ಮೊದಲೇ ಕೊರೆದ ತೂತುಗಳು ಇರುತ್ತವೆ. ಅವು ತೆರೆದಿವೆಯೇ ನೋಡಿ. ಮುಚ್ಚಿದ್ದರೆ ಒಂದು ಕಂಬಿಯಿಂದ ಬಿಡಿಸಿ.

ಇಷ್ಟಾದರೆ ಉಳಿದ ಕೆಲಸ ವರ್ಷ ತಡವಾದರೂ ವ್ಯಾಗನ್ ಕೆಡುವುದು ಬಹಳ ಮಟ್ಟಿಗೆ ನಿಧಾನವಾಗುತ್ತದೆ. ಹಣ ಕಡಿಮೆ ಇರುವ ತಂಡಕ್ಕೆ ಇದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ.

ಬಿಚ್ಚುವ ಮೊದಲು ಬರೆದಿಡಿ

ನಾಲ್ಕೂ ಬದಿ, ಮಾಡು, ತಳ, ಒಳಭಾಗ ಎಲ್ಲದರ ಫೋಟೋ ತೆಗೆಯಿರಿ. ಪ್ರತಿ ಫೋಟೋದಲ್ಲೂ ಒಂದು ಅಳತೆ ಪಟ್ಟಿ ಕಾಣಬೇಕು. ವ್ಯಾಗನ್ನಿನ ಒಂದು ತುದಿಗೆ ‘ಅ’, ಇನ್ನೊಂದಕ್ಕೆ ‘ಬ’ ಎಂದು ಹೆಸರಿಡಿ. ಎಡ ಬಲ ಎಂದರೆ ನಿಂತ ಜಾಗದ ಮೇಲೆ ಬದಲಾಗುತ್ತದೆ, ಜಗಳ ಅಲ್ಲಿಂದಲೇ ಶುರು. ಒಂದು ಹಲಗೆ ಬಿಚ್ಚಿದರೂ ಅದರ ಹಿಂಬದಿಗೆ ತುದಿ, ಬದಿ, ಸಾಲು ಬರೆದ ಚೀಟಿ ಕಟ್ಟಿ. ಬೋಲ್ಟುಗಳನ್ನು ಅದೇ ಚೀಟಿಯ ಪೊಟ್ಟಣಕ್ಕೆ ಹಾಕಿ.

ಅಕ್ಷರಗಳನ್ನು ಹುಡುಕಿ. ಕಟ್ಟಿದವರ ಹೆಸರು ಮತ್ತು ವರ್ಷ ಇರುವ ಎರಕದ ಫಲಕ, ತೊಲೆಯ ಮೇಲೆ ಕೊರೆದ ನಂಬರು, ಆಕ್ಸಲ್ ಬಾಕ್ಸಿನ (ಅಚ್ಚಿನ ತುದಿ ಕೂರುವ ಡಬ್ಬಿಯ) ಮುಚ್ಚಳದ ಮೇಲಿನ ರೈಲ್ವೆಯ ಅಕ್ಷರಗಳು, ಅಚ್ಚಿನ ತುದಿಯಲ್ಲಿ ಒತ್ತಿದ ಅಂಕಿ, ಸ್ಪ್ರಿಂಗ್ ಪಟ್ಟಿಯ ಮೇಲಿನ ತಾರೀಖು. ಇವೆಲ್ಲ ಒಂದಕ್ಕೊಂದು ಹೊಂದದೇ ಇರಬಹುದು. ಗಾಬರಿ ಬೇಡ. ವರ್ಕ್‌ಶಾಪಿನಲ್ಲಿ ಗಾಲಿಗಳನ್ನು ಒಂದರಿಂದ ಇನ್ನೊಂದಕ್ಕೆ ಹಾಕುವುದು ದಿನದ ಮಾತಾಗಿತ್ತು. ಓರೆಯಾಗಿ ಟಾರ್ಚ್ ಬೆಳಕು ಬಿಟ್ಟರೆ ಬಣ್ಣದ ಹತ್ತು ಪದರದ ಅಡಿಯ ಅಕ್ಷರವೂ ಉಬ್ಬಿ ಕಾಣುತ್ತದೆ. ಕತ್ತಲಾದ ಮೇಲೆ ಈ ಕೆಲಸ ಚೆನ್ನಾಗಿ ಆಗುತ್ತದೆ.

ಬಣ್ಣದ ಪದರ ಓದುವುದು ಇನ್ನೊಂದು ಸ್ವಾರಸ್ಯ. ಬಿಸಿಲು ಮಳೆ ಕಡಿಮೆ ಬಿದ್ದ ಜಾಗ ಆರಿಸಿಕೊಳ್ಳಿ, ಉದಾಹರಣೆಗೆ ಒಂದು ಬ್ರಾಕೆಟ್ಟಿನ ಹಿಂಬದಿ. ಅಲ್ಲಿ ನಾಣ್ಯದಷ್ಟು ಅಗಲಕ್ಕೆ, ನೀರಿನಲ್ಲಿ ನೆನೆಸುವ ನುಣುಪು ಸ್ಯಾಂಡ್‌ಪೇಪರ್ ಹಿಡಿದು, ನಡುವಿನಿಂದ ಸುತ್ತ ಸುತ್ತ ಮೆಲ್ಲಗೆ ಉಜ್ಜಿ. ಒದ್ದೆ ಇದ್ದಾಗಲೇ ಉಜ್ಜಬೇಕು, ಒಣ ಧೂಳು ಏಳಬಾರದು. ನಡುವೆ ಬರಿ ಮರ ಅಥವಾ ಲೋಹ, ಅದರ ಸುತ್ತ ಒಂದೊಂದೇ ಬಳೆಯಾಗಿ ಎಲ್ಲ ಬಣ್ಣಗಳೂ ತೆರೆದುಕೊಳ್ಳುತ್ತವೆ. ಒಳಗಿನದು ಹಳೆಯದು, ಹೊರಗಿನದು ಹೊಸದು. ಆದರೆ ಕಂಡ ಬಣ್ಣವನ್ನು ತಕ್ಷಣ ನಂಬಬೇಡಿ. ಅಗಸೆ ಎಣ್ಣೆಯ ಬಣ್ಣ ಕತ್ತಲಲ್ಲಿ ಮುಚ್ಚಿಕೊಂಡಿದ್ದರೆ ಹಳದಿಗೆ ತಿರುಗಿರುತ್ತದೆ. ತೆರೆದ ಜಾಗವನ್ನು ಕೆಲವು ದಿನ ಬೆಳಕಿಗೆ ಬಿಟ್ಟರೆ ಆ ಹಳದಿ ಸ್ವಲ್ಪ ಇಳಿಯುತ್ತದೆ. ಮೇಲೆ ವಾರ್ನಿಷ್ ಇದ್ದರೆ ಅದೂ ಕಂದಾಗಿರುತ್ತದೆ.

ಹಳೆಯ ಕಪ್ಪು ಬಿಳುಪು ಫೋಟೋ ನೋಡಿ ಬಣ್ಣ ಊಹಿಸುವವರಿಗೆ ಇನ್ನೊಂದು ಎಚ್ಚರಿಕೆ. ಆ ಕಾಲದ ಬಹಳಷ್ಟು ಫಿಲ್ಮುಗಳಿಗೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ. ಅದಕ್ಕೇ ಕೆಂಪು ವ್ಯಾಗನ್ ಫೋಟೋದಲ್ಲಿ ಕಪ್ಪಗೆ ಬರುತ್ತದೆ, ತಿಳಿ ನೀಲಿ ಬಿಳಿಯಾಗಿಬಿಡುತ್ತದೆ. ಫೋಟೋ ಇರುವುದು ಅಕ್ಷರದ ಜಾಗ, ಗಾತ್ರ, ಆಕಾರ ತಿಳಿಯುವುದಕ್ಕೆ. ಬಣ್ಣಕ್ಕೆ ವ್ಯಾಗನ್ನನ್ನೇ ಕೇಳಿ.

ವಿಷ ಎಲ್ಲೆಲ್ಲಿ ಇರುತ್ತದೆ

ಹಳೆ ರೈಲ್ವೆ ಬಣ್ಣದಲ್ಲಿ ಸೀಸ ಇದೆ ಎಂದೇ ಎಣಿಸಿ. ಬಿಳಿ ಬಣ್ಣದಲ್ಲಿ ಬಿಳಿ ಸೀಸ, ಕಬ್ಬಿಣದ ಮೊದಲ ಕೋಟಿನಲ್ಲಿ ಕೆಂಪು ಸೀಸ. ಒಣಗಿದ್ದಾಗ ಯಂತ್ರ ಹಿಡಿದು ಉಜ್ಜಬೇಡಿ, ಬೆಂಕಿಯ ಜ್ವಾಲೆಯಿಂದ ಸುಡಬೇಡಿ. ಧೂಳೂ ಹೊಗೆಯೂ ಎರಡೂ ಮೈಗೆ ಸೇರುತ್ತವೆ. ನೀರು ಚಿಮುಕಿಸಿ ಕೈಯಿಂದ ಕೆರೆಯಿರಿ ಅಥವಾ ಬಣ್ಣ ಬಿಡಿಸುವ ಲೇಪ ಹಚ್ಚಿ. ಕೆಳಗೆ ಪ್ಲಾಸ್ಟಿಕ್ ಹಾಸಿ, ಬಿದ್ದದ್ದನ್ನೆಲ್ಲ ಚೀಲಕ್ಕೆ ತುಂಬಿ, ಅಪಾಯದ ಕಸ ತೆಗೆದುಕೊಳ್ಳುವವರಿಗೇ ಕೊಡಿ. ಸಾಧಾರಣ ಬಟ್ಟೆ ಮಾಸ್ಕ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಸೂಕ್ಷ್ಮ ಧೂಳಿಗೆಂದೇ ಮಾಡಿದ ಫಿಲ್ಟರ್ ಇರುವ ಮಾಸ್ಕ್ ಬೇಕು. ಕೈ ಮುಖ ತೊಳೆಯದೆ ತಿನ್ನಬಾರದು. ಕೆಲಸದ ಬಟ್ಟೆ ಮನೆಗೆ ಹೋಗಬಾರದು, ಅದರಲ್ಲೂ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ.

ಕಲ್ನಾರು (ಆಸ್ಬೆಸ್ಟಾಸ್) ಇನ್ನೂ ಕೆಟ್ಟದ್ದು. ಗಾರ್ಡ್ ಡಬ್ಬಿಯ ಒಲೆಯ ಹಿಂದಿನ ಹಲಗೆ, ಪೈಪುಗಳಿಗೆ ಸುತ್ತಿದ ಪಟ್ಟಿ, ಶಾಖ ತಡೆಯಲು ಗೋಡೆಯ ನಡುವೆ ತುಂಬಿದ ನಾರು, ಹಳೆ ಬ್ರೇಕ್ ಲೈನಿಂಗ್, ಇವುಗಳಲ್ಲಿ ಇರಬಹುದು. ಅನುಮಾನ ಬಂದರೆ ಮುಟ್ಟದೆ ನಿಲ್ಲಿಸಿ, ಪರೀಕ್ಷೆ ಮಾಡಿಸಿ. ತೆಗೆಯುವ ಕೆಲಸ ಪರವಾನಗಿ ಇರುವವರದು, ಸ್ವಯಂಸೇವಕರದಲ್ಲ.

ಅಗಸೆ ಎಣ್ಣೆ ಒರೆಸಿದ ಬಟ್ಟೆಯ ವಿಷಯ ಎಷ್ಟು ಜನರಿಗೆ ಗೊತ್ತೋ. ಅಂಥ ಬಟ್ಟೆಗಳನ್ನು ಉಂಡೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬೆಂಕಿ ಕಡ್ಡಿಯೇ ಬೇಕಾಗಿಲ್ಲ. ಬಿಡಿಬಿಡಿಯಾಗಿ ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಿ.

ಎತ್ತುವುದು

ನಾಲ್ಕು ಗಾಲಿಯ ಹಳೆ ವ್ಯಾಗನ್ ಖಾಲಿ ಇದ್ದಾಗಲೂ ಹಲವು ಟನ್ ತೂಗುತ್ತದೆ. ಅಚ್ಚಿನ ಸಮೇತ ಒಂದು ಜೋಡಿ ಗಾಲಿಯೇ ಸುಮಾರು ಒಂದು ಟನ್. ಈ ಕೆಲಸಕ್ಕೆ ಅನುಭವ ಇರುವ ಒಬ್ಬರು ಬೇಕೇ ಬೇಕು. ಅವರ ಮಾತೇ ಆ ದಿನ ಕೊನೆಯ ಮಾತು.

ಎತ್ತದೆ ಉಳಿಯುವ ಗಾಲಿಗಳಿಗೆ ಎರಡೂ ಕಡೆಯಿಂದ ಅಡೆ ಕೊಡಿ. ಜಾಕಿನ ಅಡಿಗೆ ಗಟ್ಟಿ ಮರದ ದಿಮ್ಮಿ ಇರಲಿ, ಬರಿ ಜಲ್ಲಿಯ ಮೇಲೆ ನಿಲ್ಲಿಸಬೇಡಿ. ಒಂದು ತುದಿ ಸ್ವಲ್ಪ ಎತ್ತಿ, ಎತ್ತಿದಷ್ಟಕ್ಕೂ ತಕ್ಷಣ ಸ್ಲೀಪರ್ ಮರಗಳನ್ನು ಅಡ್ಡಡ್ಡ ಜೋಡಿಸಿ ಆಸರೆ ಕೊಡಿ. ಮತ್ತೆ ಸ್ವಲ್ಪ ಎತ್ತಿ. ಬರಿ ಜಾಕಿನ ಮೇಲೆ ನಿಂತ ವ್ಯಾಗನ್ನಿನ ಕೆಳಗೆ ಯಾರೂ ಕೈ ಕೂಡ ಚಾಚಬಾರದು. ಎತ್ತುವ ಜಾಗದಲ್ಲಿ ತೊಲೆ ಗಟ್ಟಿಯಾಗಿದೆಯೇ ಎಂದು ಸುತ್ತಿಗೆಯಿಂದ ತಟ್ಟಿ ನೋಡಿ. ತುಕ್ಕು ತಿಂದ ತೊಲೆ ಹೊರಗೆ ಗಟ್ಟಿ ಕಂಡರೂ ಜಾಕಿನ ತಲೆ ಒಳಗೆ ತೂರಿಬಿಡಬಹುದು.

ಗಾಲಿ, ಅಚ್ಚು, ಬೇರಿಂಗ್

ಹಳೆ ವ್ಯಾಗನ್ನುಗಳಲ್ಲಿ ಗುಂಡು ಬೇರಿಂಗ್ ಇರುವುದಿಲ್ಲ. ಅಚ್ಚಿನ ತುದಿ, ಅಂದರೆ ಜರ್ನಲ್, ಒಂದು ಕಂಚಿನ ಕಮಾನಿನ ಅಡಿಯಲ್ಲಿ ತಿರುಗುತ್ತದೆ. ಕಮಾನಿನ ಒಳಮೈಗೆ ವೈಟ್ ಮೆಟಲ್ ಎರಕ. ಈ ಮಿಶ್ರಲೋಹವನ್ನು 1839ರಲ್ಲಿ ಅಮೆರಿಕದ ಐಸಾಕ್ ಬ್ಯಾಬಿಟ್ ರೂಪಿಸಿದ. ಅದಕ್ಕೇ ಇದಕ್ಕೆ ಬ್ಯಾಬಿಟ್ ಅಂತಲೂ ಹೆಸರು. ಮೆತ್ತಗಿರುವುದೇ ಅದರ ಗುಣ. ಎಣ್ಣೆ ಕಡಿಮೆಯಾದರೆ ಅಚ್ಚು ಸವೆಯುವ ಬದಲು ಇದು ಸವೆಯುತ್ತದೆ, ಜಾಸ್ತಿ ಬಿಸಿಯಾದರೆ ಕರಗಿ ಹೋಗುತ್ತದೆ. ಅಚ್ಚು ಮುರಿಯುವುದಕ್ಕಿಂತ ಅದೇ ವಾಸಿ ಅಲ್ವಾ?

ಆಕ್ಸಲ್ ಬಾಕ್ಸ್ ತೆರೆದಾಗ ಮೊದಲು ಕಾಣುವುದು ಕಪ್ಪು ಗ್ರೀಸಿನ ಗಟ್ಟಿ, ಕೆಳಗೆ ನೀರು. ಎಣ್ಣೆಯದ್ದಾದರೆ ಜರ್ನಲಿಗೆ ಕೆಳಗಿನಿಂದ ಒತ್ತಿಕೊಳ್ಳುವ ಉಣ್ಣೆಯ ಪ್ಯಾಡ್ ಇರುತ್ತದೆ. ಅದು ಬತ್ತಿಯಂತೆ ಎಣ್ಣೆ ಮೇಲೆತ್ತಿ ಅಚ್ಚಿಗೆ ಸವರುತ್ತದೆ. ಪ್ಯಾಡ್ ಕೊಳೆತಿದ್ದರೆ ಅದರ ಅಳತೆ ತೆಗೆದುಕೊಂಡು ಹೊಸದು ಮಾಡಿಸಿ, ಹಾಕುವ ಮೊದಲು ಎಣ್ಣೆಯಲ್ಲಿ ಚೆನ್ನಾಗಿ ನೆನೆಸಿ.

ಜರ್ನಲಿನ ಮೇಲ್ಮೈ ಕನ್ನಡಿಯಷ್ಟು ನುಣುಪಾಗಿರಬೇಕು. ಅದಕ್ಕೆ ವೈರ್ ಬ್ರಷ್ ತಾಗಿಸಬೇಡಿ. ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಗೀರು ಗುಂಡಿ ಇದ್ದರೆ ಬರೆದಿಟ್ಟುಕೊಳ್ಳಿ, ತಕ್ಷಣ ಗ್ರೀಸ್ ಬಳಿದು ಬಟ್ಟೆ ಸುತ್ತಿ. ಆ ದಿನ ಪಕ್ಕದಲ್ಲಿ ಮರಳು ಊದುವ ಯಂತ್ರ ಓಡುತ್ತಿದ್ದರೆ ಬಾಕ್ಸ್ ತೆರೆಯಲೇಬೇಡಿ. ಒಂದು ಮರಳು ಕಾಳು ಸಾಕು.

ವೈಟ್ ಮೆಟಲ್ ಹೊಸದಾಗಿ ಎರೆಯುವುದು ತಿಳಿದವರ ಕೆಲಸ. ಲೋಹ ಎರೆಯುವ ಅಚ್ಚಿನಲ್ಲಿ (ಮೋಲ್ಡ್) ಒಂದು ಹನಿ ತೇವ ಉಳಿದಿದ್ದರೂ ಆವಿಯಾಗಿ ಕಾದ ಲೋಹವನ್ನು ಮುಖಕ್ಕೆ ಎರಚುತ್ತದೆ. ಎರೆದ ಮೇಲೆ ಜರ್ನಲಿಗೆ ತೆಳ್ಳಗೆ ನೀಲಿ ಬಣ್ಣ ಸವರಿ, ಬೇರಿಂಗ್ ಕೂರಿಸಿ ತೆಗೆದು, ನೀಲಿ ಹತ್ತಿದ ಉಬ್ಬುಗಳನ್ನು ಕೆರೆಯುತ್ತಾ ಹೋಗಬೇಕು. ಹೊಸಬರಿಗೆ ಕಲಿಸಲು ಬಹಳ ಒಳ್ಳೆಯ ಪಾಠ ಇದು. ಆತುರ ಇದ್ದವರು ಅರ್ಧಕ್ಕೇ ಎದ್ದು ಹೋಗುತ್ತಾರೆ.

ಗಾಲಿಯ ಟೈರನ್ನು, ಅಂದರೆ ಉಕ್ಕಿನ ಹೊರಬಳೆಯನ್ನು, ಸುತ್ತಿಗೆಯಿಂದ ತಟ್ಟಿ ಕೇಳಿ. ಗಂಟೆಯಂತೆ ನಾದ ಬಂದರೆ ಸರಿ. ದಪ್ಪ ಅಂತ ಸದ್ದು ಸತ್ತರೆ ಬಿರುಕೋ ಸಡಿಲವೋ ಇರಬಹುದು. ಹಲವು ಗಾಲಿಗಳಲ್ಲಿ ಟೈರಿನಿಂದ ಗಾಲಿಯ ಮೇಲಕ್ಕೆ ಹಾಯುವ ಒಂದು ಬಿಳಿ ಗೆರೆ ಎಳೆದಿರುತ್ತಾರೆ. ಅದು ಎರಡು ತುಂಡಾಗಿ ಆಚೀಚೆ ಸರಿದಿದ್ದರೆ ಟೈರ್ ಜಾರಿದೆ ಎಂದರ್ಥ. ಇದು ಮೊದಲ ತಪಾಸಣೆ ಅಷ್ಟೇ. ಓಡಿಸುವ ವ್ಯಾಗನ್ನಿನ ಅಚ್ಚಿಗೆ ಅಲ್ಟ್ರಾಸಾನಿಕ್ ಪರೀಕ್ಷೆ ಬೇಕು. ಗಾಲಿಗಳ ಒಳಮೈ ನಡುವಿನ ಅಂತರವನ್ನೂ ಮೂರು ಕಡೆ ಅಳೆಯಿರಿ. ಹಳಿಗಳ ನಡುವೆ 1435 ಮಿಲಿಮೀಟರಿನ ಸ್ಟ್ಯಾಂಡರ್ಡ್ ಗೇಜ್ ಇರಲಿ, 1676ರ ಬ್ರಾಡ್ ಗೇಜ್ ಇರಲಿ, 1000ದ ಮೀಟರ್ ಗೇಜ್ ಇರಲಿ, ಗಾಲಿಗಳ ಆ ಅಂತರಕ್ಕೆ ಅದರದೇ ಮಿತಿ ಇದೆ. ಮೂರು ಕಡೆಯೂ ಒಂದೇ ಬರದಿದ್ದರೆ ಅಚ್ಚು ಬಾಗಿರಬಹುದು.

ಕಬ್ಬಿಣ ಮತ್ತು ರಿವೆಟ್

ಎರಡು ತಗಡುಗಳ ನಡುವೆ ತುಕ್ಕು ಬೆಳೆದರೆ ಅದು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಉಬ್ಬಿ ಉಬ್ಬಿ ರಿವೆಟ್ಟಿನ ತಲೆಯನ್ನೇ ಹಾರಿಸಿಬಿಡುತ್ತದೆ. ಅಂಥ ಜೋಡಣೆಯನ್ನು ಮೇಲಿನಿಂದ ಬಣ್ಣ ಹಚ್ಚಿ ಮುಚ್ಚಿದರೆ ಪ್ರಯೋಜನವಿಲ್ಲ, ಬಿಚ್ಚಲೇಬೇಕು. ರಿವೆಟ್ ತಲೆ ಕತ್ತರಿಸಿ, ನಡುವೆ ಕೊರೆದು, ಹೊರಗೆ ಬಡಿಯಿರಿ. ಗ್ಯಾಸ್ ಕಟರ್ ಹಿಡಿದರೆ ತೂತು ಹಾಳಾಗುತ್ತದೆ.

ಹೊಸ ತಗಡು ಕೂರಿಸುವಾಗ ಮೊದಲು ಎಲ್ಲ ತೂತುಗಳಲ್ಲೂ ಬೋಲ್ಟು ಬಿಗಿದು, ನಡುವಿನಿಂದ ಹೊರಕ್ಕೆ ಒಂದೊಂದಾಗಿ ರಿವೆಟ್ ಹಾಕುತ್ತಾ ಬನ್ನಿ. ಕೆಂಪಗೆ ಕಾದ ರಿವೆಟ್ ತಣ್ಣಗಾಗುತ್ತಾ ಕುಗ್ಗುತ್ತದೆ, ಆ ಕುಗ್ಗುವಿಕೆಯೇ ತಗಡುಗಳನ್ನು ಅಪ್ಪಿ ಹಿಡಿಯುತ್ತದೆ. ಬೋಲ್ಟಿಗೆ ಗುಂಡು ತಲೆ ಬೆಸೆದು ರಿವೆಟ್ ಅಂತ ತೋರಿಸುವವರಿದ್ದಾರೆ. ನೋಡುವುದಕ್ಕೆ ಇಡುವ ವ್ಯಾಗನ್ನಿಗೆ ಹಣವಿಲ್ಲದಾಗ ಅದೂ ನಡೆಯುತ್ತದೆ, ಆದರೆ ದಾಖಲೆಯಲ್ಲಿ ಬರೆಯಿರಿ.

ಬೆಸುಗೆ ಹಾಕುವ ಮುನ್ನ ಲೋಹ ಯಾವುದೆಂದು ತಿಳಿಯಿರಿ. ತುಂಬಾ ಹಳೆಯ ಭಾಗಗಳು ಉಕ್ಕಲ್ಲ, ರಾಟ್ ಐರನ್, ಅಂದರೆ ಬಡಿದು ಮಾಡಿದ ಹಳೆ ಕಾಲದ ಕಬ್ಬಿಣ. ಅದರೊಳಗೆ ಮರದ ನಾರಿನ ಹಾಗೆ ಕಿಟ್ಟದ ಎಳೆಗಳಿರುತ್ತವೆ, ಆದ್ದರಿಂದ ಸಾಧಾರಣ ಬೆಸುಗೆ ಅಲ್ಲಿ ನೆಟ್ಟಗೆ ಹಿಡಿಯುವುದಿಲ್ಲ. ಎರಕದ ಕಬ್ಬಿಣ ಇನ್ನೊಂದು ಥರ ಹಠಮಾರಿ, ಒಂದೇ ಕಡೆ ಕಾಯಿಸಿದರೆ ಪಕ್ಕದಲ್ಲಿ ಬಿರಿಯುತ್ತದೆ.

ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಕಬ್ಬಿಣದ ಸಾಮಾನಿಗೆ ವಿದ್ಯುತ್ತಿನಿಂದ ತುಕ್ಕು ಬಿಡಿಸುವುದು ಸುಲಭ. ಪ್ಲಾಸ್ಟಿಕ್ ಬಕೆಟ್ಟಿಗೆ ನೀರು, ಸ್ವಲ್ಪ ವಾಷಿಂಗ್ ಸೋಡಾ. 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಮೈನಸ್ ತಂತಿ ಸಾಮಾನಿಗೆ, ಪ್ಲಸ್ ತಂತಿ ಒಂದು ಬೇಡದ ಉಕ್ಕಿನ ತುಂಡಿಗೆ. ಎರಡೂ ತಾಗಬಾರದು. ಪ್ಲಸ್ ಕಡೆ ಸ್ಟೇನ್‌ಲೆಸ್ ಸ್ಟೀಲ್ ಬಳಸಲೇಬೇಡಿ, ನೀರಿಗೆ ವಿಷಕಾರಿ ಕ್ರೋಮಿಯಂ ಬಿಡುತ್ತದೆ. ಹೈಡ್ರೋಜನ್ ಏಳುವುದರಿಂದ ಬಯಲಿನಲ್ಲಿ ಇಡಿ, ಹತ್ತಿರ ಕಿಡಿ ಬೇಡ, ಕೈ ಹಾಕುವ ಮೊದಲು ಕರೆಂಟ್ ತೆಗೆಯಿರಿ. ಸ್ಪ್ರಿಂಗುಗಳಿಗೆ ಈ ಚಿಕಿತ್ಸೆ ಬೇಡ, ಹೈಡ್ರೋಜನ್ ಹೀರಿಕೊಂಡು ಪೆಡಸಾಗುತ್ತವೆ. ಹಿತ್ತಾಳೆಗೂ ಬೇಡ. ಉಳಿಸಿಕೊಳ್ಳಬೇಕಾದ ಹಳೆ ಬಣ್ಣ ಇರುವ ಸಾಮಾನಿಗಂತೂ ಬೇಡವೇ ಬೇಡ, ಬಣ್ಣವೆಲ್ಲ ಎದ್ದು ಬರುತ್ತದೆ.

ಮರ

ಇಡೀ ಹಲಗೆ ಕೆಟ್ಟಿರುವುದು ಅಪರೂಪ. ಕೊಳೆತಿರುವುದು ಸಾಮಾನ್ಯವಾಗಿ ತುದಿಗಳು, ಕೆಳಗಿನ ಸಾಲು, ಬೋಲ್ಟಿನ ಸುತ್ತ. ಚೂಪು ಕಡ್ಡಿಯಿಂದ ಚುಚ್ಚುತ್ತಾ ಹೋದರೆ ಗಡಿ ಗೊತ್ತಾಗುತ್ತದೆ. ಗಟ್ಟಿ ಭಾಗ ಉಳಿಸಿ, ಓರೆಯಾಗಿ ಕತ್ತರಿಸಿ, ಅದೇ ಜಾತಿಯ ಮರವನ್ನು ಅದೇ ಎಳೆಯ ದಿಕ್ಕಿಗೆ ಜೋಡಿಸಿ. ಎಲ್ಲ ಹಲಗೆಗಳನ್ನೂ ಬದಲಿಸಲೇಬೇಕಾದ ಸ್ಥಿತಿ ಬಂದರೆ ಚೆನ್ನಾಗಿರುವ ಒಂದನ್ನಾದರೂ ಬಣ್ಣದ ಸಮೇತ ಎತ್ತಿಡಿ. ಹೊಸ ಭಾಗಗಳ ಕಾಣದ ಬದಿಯಲ್ಲಿ ಹಾಕಿದ ವರ್ಷ ಒತ್ತಿ. ನಾಳೆ ನೋಡುವವರಿಗೆ ಯಾವುದು ಹಳೆಯದು ಎಂಬ ಗೊಂದಲ ಇರಬಾರದು.

ಹಸಿ ಮರ ತರಬೇಡಿ. ಗಾಳಿಯಲ್ಲಿ ಒಣಗಿಸುವುದಾದರೆ ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಬಡಗಿಗಳ ಹಳೆ ಲೆಕ್ಕ. ಓಕ್ ಮರ ಬಳಸಿದ್ದರೆ ಅದರ ಒಗರು ಕಬ್ಬಿಣದ ಬೋಲ್ಟನ್ನು ತಿನ್ನುತ್ತದೆ, ಮರವೂ ಅಲ್ಲಿ ಕಪ್ಪಾಗುತ್ತದೆ. ಹಾಗಾಗಿ ಬೋಲ್ಟಿಗೂ ತೂತಿಗೂ ಬಣ್ಣ ಅಥವಾ ಗ್ರೀಸ್ ಸವರಿ ಹಾಕಿ. ಹಲಗೆಗಳ ನಾಲ್ಕೂ ಅಂಚು ಮತ್ತು ತುದಿಗಳಿಗೆ ಜೋಡಿಸುವ ಮೊದಲೇ ಬಣ್ಣ ಬಿದ್ದಿರಬೇಕು. ಜೋಡಿಸಿದ ಮೇಲೆ ಬ್ರಷ್ ಅಲ್ಲಿಗೆ ಹೋಗುವುದಿಲ್ಲ, ನೀರು ಹೋಗುತ್ತದೆ.

ಬಫರ್, ಕೊಂಡಿ, ಬ್ರೇಕ್

ವ್ಯಾಗನ್‌ಗಳು ತಾಗುವಾಗ ಪೆಟ್ಟು ತಡೆಯುವ ಬಫರಿನೊಳಗೆ ಅದುಮಿಟ್ಟ ಸ್ಪ್ರಿಂಗ್ ಇರುತ್ತದೆ. ಸರಿಯಾದ ಹಿಡಿ ಉಪಕರಣ ಇಲ್ಲದೆ ನಟ್ಟು ಬಿಚ್ಚಿದರೆ ಪ್ರಾಣಕ್ಕೇ ಬರಬಹುದು. ಕೊಂಡಿಯ ಕೊಕ್ಕೆ ಮತ್ತು ಬಳೆಗಳಿಗೆ ಬಿರುಕು ಪರೀಕ್ಷೆ ಮಾಡಿಸಿ, ಬೆಸುಗೆ ಹಾಕಿ ಸರಿ ಮಾಡಲು ಹೋಗಬೇಡಿ. ವ್ಯಾಕ್ಯೂಮ್ ಬ್ರೇಕಿನ ಸಿಲಿಂಡರಿನಲ್ಲಿರುವ ರಬ್ಬರ್ ಬಳೆ, ಹೋಸ್ ಪೈಪು ಎಲ್ಲ ಹೊಸದೇ ಬೇಕು. ನಿಂತಲ್ಲೇ ನಿಲ್ಲುವ ವ್ಯಾಗನ್ನಿಗೂ ಹ್ಯಾಂಡ್ ಬ್ರೇಕ್ ಕೆಲಸ ಮಾಡಲಿ.

ಸ್ಟೇಷನ್ ಸಾಮಾನು

ವ್ಯಾಗನ್ ಕೆಲಸ ವರ್ಷಗಟ್ಟಲೆ ಎಳೆಯುತ್ತದೆ. ನಡುವೆ ತಂಡದ ಉತ್ಸಾಹ ಉಳಿಯಲು ಮೇಜಿನ ಮೇಲೆ ಮುಗಿಯುವ ಕೆಲಸವೂ ಇರಬೇಕು. ಸ್ಟೇಷನ್ ಸಾಮಾನು ಅದಕ್ಕೆ ಹೇಳಿ ಮಾಡಿಸಿದ್ದು.

ಸಿಗ್ನಲ್ ಕೈಮರದಿಂದ ಶುರು ಮಾಡೋಣ. ಕೈಮರದ ಬುಡದಲ್ಲಿ ಕನ್ನಡಕದಂಥ ಚೌಕಟ್ಟು, ಅದರಲ್ಲಿ ಒಂದು ಕೆಂಪು ಗಾಜು, ಇನ್ನೊಂದು ನೀಲಿ ಕಾಣುವ ಗಾಜು. ಹಸಿರು ಎಲ್ಲಿ ಹೋಯಿತು ಎಂದು ಹೊಸಬರು ಹುಡುಕುತ್ತಾರೆ. ಹಿಂದೆ ಉರಿಯುತ್ತಿದ್ದುದು ಸೀಮೆಎಣ್ಣೆ ದೀಪ. ಅದರ ಹಳದಿ ಬೆಳಕು ನೀಲಿ ಗಾಜಿನಲ್ಲಿ ಹಾದಾಗ ದೂರದ ಡ್ರೈವರಿಗೆ ಹಸಿರಾಗಿ ಕಾಣುತ್ತಿತ್ತು. ಆದ್ದರಿಂದ ನೀಲಿ ಗಾಜನ್ನು ತಪ್ಪೆಂದು ತಿಳಿದು ತೆಗೆಯಬೇಡಿ. ಎಲ್‌ಇಡಿ ಹಾಕುವುದಾದರೆ ಹಳದಿ ಛಾಯೆಯದೇ ಹಾಕಿ, ಬಿಳಿ ಹಾಕಿದರೆ ಸಿಗ್ನಲ್ ನೀಲಿಯಾಗಿಯೇ ಉಳಿಯುತ್ತದೆ. ಆ ದೀಪಗಳಲ್ಲಿ ಹಲವು ಸಣ್ಣ ಉರಿಯಲ್ಲಿ ಒಮ್ಮೆ ತುಂಬಿದ ಎಣ್ಣೆಗೆ ಸುಮಾರು 8 ದಿನ ಉರಿಯುವಂಥವು. ತಗಡಿನ ಡಬ್ಬಿಯ ಬೆಸುಗೆ ಮೃದು, ಬೆಂಕಿ ತೋರಿಸಿ ಬಣ್ಣ ಸುಡಲು ಹೋದರೆ ದೀಪವೇ ಬಿಡಿಬಿಡಿಯಾಗುತ್ತದೆ.

ಸಿಗ್ನಲ್ ಎಳೆಯುವ ಲಿವರುಗಳ ಸಾಲು, ಅಂದರೆ ಲಿವರ್ ಫ್ರೇಮ್, ಬಿಚ್ಚುವಾಗ ಅದರ ಅಡಿಯ ಇಂಟರ್‌ಲಾಕಿಂಗ್ ಪಟ್ಟಿಗಳಿಗೆ ನಂಬರ್ ಕೊಡದೆ ಒಂದನ್ನೂ ಎಳೆಯಬೇಡಿ. ಒಂದಕ್ಕೊಂದು ವಿರೋಧವಾದ ಸಿಗ್ನಲ್‌ಗಳು ಒಟ್ಟಿಗೆ ‘ಹೋಗು’ ಎಂದು ತೋರಿಸದಂತೆ ತಡೆಯುತ್ತಿದ್ದುದು ಈ ಪಟ್ಟಿಗಳ ಕಚ್ಚುಗಳೇ. ಲಿವರಿನ ಬಣ್ಣಕ್ಕೂ ಅರ್ಥವಿದೆ. ಬ್ರಿಟಿಷ್ ಪದ್ಧತಿಯಲ್ಲಿ ಕೆಂಪು ನಿಲ್ಲುವ ಸಿಗ್ನಲ್‌ಗೆ, ಹಳದಿ ಮೊದಲೇ ಎಚ್ಚರಿಸುವ ದೂರದ (ಡಿಸ್ಟೆಂಟ್) ಸಿಗ್ನಲ್‌ಗೆ, ಕಪ್ಪು ರೈಲಿನ ದಾರಿ ಬದಲಿಸುವ ಪಾಯಿಂಟುಗಳಿಗೆ, ನೀಲಿ ಪಾಯಿಂಟಿನ ಬೀಗಕ್ಕೆ, ಬಿಳಿ ಬಳಕೆಯಲ್ಲಿಲ್ಲದ್ದಕ್ಕೆ. ಅಂದಕ್ಕೆಂದು ಸಾಲಾಗಿ ಒಂದೇ ಬಣ್ಣ ಬಳಿದಿರುವುದನ್ನು ಕಂಡಾಗ ಬೇಸರವಾಗುತ್ತದೆ. ಹಿಡಿಯ ಹೊಳಪು ಉಳಿಯಬೇಕಾದರೆ ಬರಿಗೈಯಲ್ಲಿ ಮುಟ್ಟಬೇಡಿ, ಸಿಗ್ನಲ್‌ಮನ್‌ಗಳು ಬಟ್ಟೆ ಹಿಡಿದೇ ಎಳೆಯುತ್ತಿದ್ದರು. ಬೆವರಿಗೆ ಉಕ್ಕು ತುಕ್ಕು ಹಿಡಿಯುತ್ತದೆ.

ಟೋಕನ್ ಯಂತ್ರ ಸಿಕ್ಕಿದ ತಂಡ ಪುಣ್ಯ ಮಾಡಿದೆ. ಒಂಟಿ ಹಳಿಯಲ್ಲಿ ಎರಡು ರೈಲು ಎದುರಾಗದಂತೆ ಎರಡು ಸ್ಟೇಷನ್ನಿನ ಯಂತ್ರಗಳನ್ನು ತಂತಿಯಲ್ಲಿ ಜೋಡಿಸಿ, ಒಂದು ಸಲಕ್ಕೆ ಒಂದೇ ಟೋಕನ್ (ಮುಂದೆ ಹೋಗಲು ಡ್ರೈವರಿಗೆ ಕೊಡುವ ಅನುಮತಿಯ ಗುರುತು) ಹೊರಬರುವಂತೆ ಮಾಡಿದ ಏರ್ಪಾಡು ಇದು. ಎಡ್ವರ್ಡ್ ಟೈಯರ್ 1878ರಲ್ಲಿ ತಂದ ಟ್ಯಾಬ್ಲೆಟ್ ಯಂತ್ರ ಇದರ ಹಿರಿಯ. ಒಳಗಿನ ಸುರುಳಿಗಳ ತಂತಿಗೆ ಸುತ್ತಿರುವುದು ಹತ್ತಿ ಅಥವಾ ರೇಷ್ಮೆ ದಾರ, ಮುಟ್ಟಿದರೆ ಉದುರಬಹುದು. ಮೊದಲು ಮೀಟರಿನಿಂದ ಸುರುಳಿ ಕಡಿದಿಲ್ಲವೆಂದು ನೋಡಿ, ಆಮೇಲೆ ಬ್ಯಾಟರಿಯ ಕಡಿಮೆ ವೋಲ್ಟಿನಲ್ಲಿ ಮಾತ್ರ ಪರೀಕ್ಷಿಸಿ. ಮನೆಯ ಕರೆಂಟಿಗೆ ಜೋಡಿಸಬಾರದು. ಟೋಕನ್ ಸಲೀಸಾಗಿ ಕೂರುತ್ತಿಲ್ಲ ಎಂದು ಅದನ್ನು ಅರದಿಂದ ಉಜ್ಜಬೇಡಿ. ಆ ಕಚ್ಚಿನ ಆಕಾರವೇ ಅದು ಯಾವ ಎರಡು ಸ್ಟೇಷನ್ನಿನ ನಡುವಿನದು ಎಂಬ ಗುರುತು. ಬೇರೆ ಯಂತ್ರದ ಟೋಕನ್ ಇರಬಹುದು.

ಟಿಕೆಟಿಗೆ ತಾರೀಖು ಒತ್ತುವ ಕಬ್ಬಿಣದ ಯಂತ್ರ ಥಾಮಸ್ ಎಡ್ಮಂಡ್ಸನ್ ಕಂಡುಹಿಡಿದದ್ದು. ಮರಗೆಲಸ ಬಲ್ಲ ಈ ಇಂಗ್ಲಿಷ್ ಸ್ಟೇಷನ್ ಮಾಸ್ತರ್ 1830ರ ದಶಕದ ಕೊನೆಯಲ್ಲಿ ನಂಬರು ಹಾಕಿದ ದಪ್ಪ ರಟ್ಟಿನ ಟಿಕೆಟ್ ತಂದ. ಅಗಲ ಸುಮಾರು 57 ಮಿಲಿಮೀಟರ್, ಎತ್ತರ 30. ಯಂತ್ರದ ಅಚ್ಚುಮೊಳೆಗಳಲ್ಲಿ ಸೀಸ ಇರುತ್ತದೆ, ಕೈಗವಸು ಹಾಕಿ. ಗಟ್ಟಿಯಾದ ಮಸಿಯನ್ನು ಸೀಮೆಎಣ್ಣೆ ಹಚ್ಚಿದ ಮೆತ್ತನೆ ಬ್ರಷ್ಷಿನಿಂದ ಬಿಡಿಸಿ, ಸೂಜಿ ಹಾಕಿ ಕೆರೆಯಬೇಡಿ. ಹಳೆ ಟಿಕೆಟುಗಳೂ ಸಿಕ್ಕರೆ ಲ್ಯಾಮಿನೇಷನ್ ಬೇಡ, ಸೆಲೋಟೇಪ್ ಬೇಡ.

ತೂಕದ ಯಂತ್ರದ ಒಳಗೆ ಕತ್ತಿಯ ಅಲಗಿನಂಥ ಉಕ್ಕಿನ ಅಂಚುಗಳ ಮೇಲೆ ಸನ್ನೆಗೋಲು ನಿಂತಿರುತ್ತದೆ. ಅಲ್ಲಿಗೆ ಗ್ರೀಸ್ ಹಾಕಿದರೆ ಧೂಳು ಅಂಟಿ ತೂಕ ತಪ್ಪುತ್ತದೆ, ಒಣ ಬ್ರಷ್ ಸಾಕು. ತಪಾಸಣೆ ಮಾಡಿದವರು ಮುದ್ರೆ ಒತ್ತಿದ ಸೀಸದ ಬಿಲ್ಲೆ ಕಂಡರೆ ಹಾಗೇ ಬಿಡಿ.

ಗಡಿಯಾರ ಸಾಗಿಸುವ ಮೊದಲು ಲೋಲಕ ತೆಗೆಯಿರಿ. ಸ್ಪ್ರಿಂಗಿನ ಡಬ್ಬಿ ಬಿಚ್ಚುವುದು, ಎಣ್ಣೆ ಬಿಡುವುದು ಗಡಿಯಾರದವರ ಕೆಲಸ. ಎನಾಮೆಲ್ ಹೆಸರು ಫಲಕಕ್ಕೆ ಪುಡಿ ಹಾಕಿ ಉಜ್ಜಬೇಡಿ. ಅದು ಲೋಹದ ಮೇಲೆ ಸುಮಾರು 800 ಡಿಗ್ರಿಯಲ್ಲಿ ಕರಗಿಸಿ ಹಿಡಿಸಿದ ಗಾಜು, ಮೆದು ಸೋಪಿನ ನೀರು ಸಾಕು. ಚಕ್ಕೆ ಎದ್ದ ಕಡೆ ತುಕ್ಕು ಒರೆಸಿ, ಒಣಗಿಸಿ, ತೆಳ್ಳಗೆ ಮೇಣ ಸವರಿ. ಕಲ್ಲೇಟಿನ ಗುರುತುಗಳನ್ನು ತುಂಬಿ ಹೊಸದಾಗಿಸುವ ಅಗತ್ಯ ನನಗಂತೂ ಕಾಣುವುದಿಲ್ಲ.

ಬಣ್ಣ, ಅಕ್ಷರ, ಆಮೇಲಿನ ದಿನಗಳು

ಯಾವ ವರ್ಷದ ವೇಷ ಎಂದು ತಂಡ ಮೊದಲೇ ಒಪ್ಪಿಕೊಳ್ಳಲಿ. ಆ ವರ್ಷದ ಬಣ್ಣ, ಅಕ್ಷರ, ಬ್ರೇಕಿನ ಮಾದರಿ ಎಲ್ಲವೂ ಒಂದಕ್ಕೊಂದು ಹೊಂದಬೇಕು. ಹಳೆ ಬಣ್ಣ ಗಟ್ಟಿಯಾಗಿ ಹಿಡಿದಿರುವ ಕಡೆ ಒಂದು ಚೌಕವನ್ನು ಹಾಗೇ ಬಿಟ್ಟು, ತೆಗೆಯಲು ಬರುವ ವಾರ್ನಿಷ್ ಹಚ್ಚಿ ಅದರ ಮೇಲೆ ಹೊಸ ಬಣ್ಣ ಬಳಿಯಿರಿ. ಬೇಕಾದಾಗ ಮತ್ತೆ ಅಲ್ಲಿಗೆ ತಲುಪಬಹುದು. ಅಕ್ಷರಗಳನ್ನು ಕೈಯಲ್ಲೇ ಬರೆಯಿಸಿ. ಸ್ಟಿಕ್ಕರ್ ಅಂಚು ಬೇಗ ಏಳುತ್ತದೆ, ಅಲ್ಲಿಂದ ನೀರು ಒಳಗೆ ಇಳಿಯುತ್ತದೆ.

ಕೆಲಸದ ದಿನಗಳಿಗೆ ಹಾಜರಿ ಪುಸ್ತಕ ಇಡಿ. ಪ್ರತಿ ಸಂಜೆ ಯಾರು ಏನು ಬಿಚ್ಚಿದರು, ಎಲ್ಲಿ ಇಟ್ಟರು ಎಂದು ಅದರಲ್ಲೇ ಎರಡು ಸಾಲು ಬರೆಯಿರಿ. ಹೊಸಬರು ಬಂದರೆ ಅವರಿಗೆ ಅದೇ ದಿನ ಮುಗಿಯುವ ಕೆಲಸ ಕೊಡಿ. ಮೊದಲ ದಿನವೇ ತೊಲೆಯ ಕೆಳಗೆ ಮಲಗಿಸಿ ತುಕ್ಕು ಕೆರೆಯಲು ಹಚ್ಚಿದರೆ ಅವರು ಎರಡನೇ ಸಲ ಬರುವುದಿಲ್ಲ.

ವ್ಯಾಗನ್ ಸಿದ್ಧವಾದ ಮೇಲೆ ತಿಂಗಳಿಗೊಮ್ಮೆಯಾದರೂ ಅದನ್ನು ಕೆಲವು ಅಡಿ ಮುಂದಕ್ಕೆ ತಳ್ಳಿ. ಜರ್ನಲಿಗೆ ಹೊಸ ಎಣ್ಣೆ ಹತ್ತುತ್ತದೆ, ಒಂದೇ ಜಾಗಕ್ಕೆ ಭಾರ ಬೀಳುವುದು ತಪ್ಪುತ್ತದೆ. ಆಕ್ಸಲ್ ಬಾಕ್ಸಿನ ತಳದಲ್ಲಿ ನೀರು ಸೇರಿದೆಯೇ ನೋಡಿ, ಸೇರಿದ್ದರೆ ಹೀರಿ ತೆಗೆದು ಎಣ್ಣೆ ತುಂಬಿ. ಜೋರು ಮಳೆ ಬಂದ ಮಾರನೇ ದಿನ ಒಬ್ಬರು ಟಾರ್ಚ್ ಹಿಡಿದು ಒಳಗೆ ಹೋಗಬೇಕು. ಎಲ್ಲಿ ತೇವ ಕಂಡಿತೋ ಅಲ್ಲಿ ಚಾಕ್‌ಪೀಸಿನಿಂದ ಗುರುತು ಹಾಕಿ, ಅದನ್ನೂ ಪುಸ್ತಕದಲ್ಲಿ ಬರೆದು, ಮುಂದಿನ ಕೆಲಸದ ದಿನ ಅಲ್ಲಿಂದಲೇ ಶುರು ಮಾಡಿ.